ಹಳೆಯ ಬಂಡಿಯ ಏದುಸಿರು

ಹಳೆಯ ಮೋಟಾರು ಬಂಡಿಗೆ ಎಲ್ಲಕ್ಕಿಂತ ಅಪಾಯಕಾರಿಯಾದ ವಸ್ತುವೆಂದರೆ ಒಡೆಯನ ಕೈಯಲ್ಲಿರುವ ತಿರುಪುಳಿ. ಬಂಡಿ ಒಮ್ಮೆ ಕೆಮ್ಮಿತೆಂದರೆ ಸಾಕು, ಬಾನೆಟ್ಟನ್ನೆತ್ತಿ ಕಣ್ಣಿಗೆ ಬಿದ್ದ ಮೊದಲ ತಿರುಪನ್ನು ಅರ್ಧ ಸುತ್ತು ತಿರುಗಿಸದೆ ಅವನಿಗೆ ನಿದ್ರೆ ಬಾರದು. ಗೋಡೆ ಗಡಿಯಾರವನ್ನು ರಿಪೇರಿ ಮಾಡಹೊರಟು, ಮತ್ತೆ ಜೋಡಿಸಿದ ಮೇಲೆ ಎರಡು ಹಲ್ಲುಗಾಲಿಗಳನ್ನು ಉಳಿಸಿಕೊಂಡ ಗೃಹಸ್ಥರನ್ನು ಕಂಡವರಿಗೆ ಈ ಚಾಪಲ್ಯದ ಪರಿಚಯವಿದ್ದೇ ಇರುತ್ತದೆ.

ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ ಅಂತಹ ಒಬ್ಬ ಮಧ್ಯವಯಸ್ಕನಿದ್ದಾನೆ. ಥೇಮ್ಸ್ ನದಿಯ ದಡದ ಆ ಊರಿನಲ್ಲಿ 1962ರಿಂದ 1980ರವರೆಗೆ ಎಂ.ಜಿ.ಬಿ. ಎಂಬ ಕ್ರೀಡಾ ಕಾರು ತಯಾರಾಗುತ್ತಿತ್ತು. 5 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದ ಮೇಲೆ ಆ ಕಾರ್ಖಾನೆಯ ಬಾಗಿಲು ಮುಚ್ಚಿತು. ಅವನ ತಂದೆ ಯೌವನವನ್ನೆಲ್ಲ ಅಲ್ಲಿಯೇ ಕಳೆದವರು. ಅಲ್ಲಿ ತಯಾರಾದ 1965ರ ಕಾರೊಂದನ್ನು ಎರಡನೆಯ ಕೈಯಿಂದ ಕೊಂಡು ಮಗುವಿನಂತೆ ಸಾಕಿದವರು. ಈಗ ಅವರಿಗೆ ಎಂಬತ್ತು ದಾಟಿದೆ, ಕಿವಿ ಮಂದವಾಗಿದೆ. ಬಂಡಿ ನಡೆಸುವುದನ್ನು ಬಿಟ್ಟ ದಿನ ಕೀಲಿಕೈಯನ್ನು ಮಗನ ಅಂಗೈಯಲ್ಲಿಟ್ಟರು, ಏನನ್ನೂ ಹೇಳಲಿಲ್ಲ.

ಆ ವರ್ಷವೇ ಬಂಡಿಗೆ ಕಾಯಿಲೆ ಹಿಡಿಯಿತು. ನಿಂತಲ್ಲಿ ಎಂಜಿನ್ನು ಚಳಿಜ್ವರ ಬಂದಂತೆ ನಡುಗುವುದು. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಲಕಿದ ನೀರಿನಂತೆ ಕಾಣುವುದು. ಹೊರಡಲೆಂದು ಪೆಡಲನ್ನು ಒತ್ತಿದೊಡನೆ ಬಂಡಿ ಒಂದು ಕ್ಷಣ ಉಸಿರು ಬಿಗಿಹಿಡಿದು, ಮುಗ್ಗರಿಸಿ, ಆಮೇಲೆ ಮುಂದಕ್ಕೆ ನೆಗೆಯುವುದು.

ಮಗನ ಅನುಮಾನ ಸಹಜವಾಗಿಯೇ ಕಾರ್ಬುರೇಟರುಗಳ ಮೇಲೆ ಹೋಯಿತು. ಆ ಎಂಜಿನ್ನಿಗೆ ಎಸ್.ಯು. ಎಂಬ ಹೆಸರಿನ ಎರಡು ಕಾರ್ಬುರೇಟರುಗಳುಂಟು. ಸ್ಕಿನ್ನರ್ ಎಂಬ ಸೋದರರು 1910ರಲ್ಲಿ ಸ್ಥಾಪಿಸಿದ ಕಂಪನಿಯ ಹೆಸರದು. ಅವರದು ಪಾದರಕ್ಷೆಯ ವ್ಯಾಪಾರದ ಮನೆತನ. ಆದ್ದರಿಂದಲೋ ಏನೋ, ಅವರ ಮೊದಮೊದಲ ಕಾರ್ಬುರೇಟರುಗಳಲ್ಲಿ ಚರ್ಮದ ತಿದಿಯಿತ್ತು! ಎಂಜಿನ್ನು ಎಷ್ಟು ಜೋರಾಗಿ ಉಸಿರೆಳೆಯುವುದೋ ಒಳಗಿನ ಪಿಸ್ಟನ್ನು ಅಷ್ಟು ಮೇಲೇಳುವುದು. ಅದಕ್ಕೆ ಅಂಟಿದ ಸೂಜಿ ಅಷ್ಟಷ್ಟೇ ಪೆಟ್ರೋಲನ್ನು ಬಿಟ್ಟುಕೊಡುವುದು. ಪಿಸ್ಟನ್ನು ಗಾಬರಿಯಿಂದ ಒಮ್ಮೆಗೇ ಜಿಗಿಯದಿರಲೆಂದು ಮೇಲಿನ ಕೊಳವೆಯಲ್ಲಿ ತುಸು ಎಣ್ಣೆ. ಎರಡೂ ಕಾರ್ಬುರೇಟರುಗಳು ಒಂದೇ ಸಮನಾಗಿ ಉಸಿರಾಡಬೇಕು. ಜೋಡಿ ತಂಬೂರಿಗಳನ್ನು ಶ್ರುತಿಗೂಡಿಸಿದವರಿಗೆ ಈ ಕೆಲಸದ ಸುಖವೂ ಸಂಕಟವೂ ತಿಳಿದಾವು.

ಮಗನು ಎಣ್ಣೆ ತುಂಬಿದನು. ಇಂಗ್ಲೆಂಡಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಧಾರಣ ಪೆಟ್ರೋಲಿನಲ್ಲಿ 10 ಪಾಲಿನವರೆಗೆ ಎಥನಾಲ್ ಬೆರೆತಿರುತ್ತದೆಂದೂ ಅದು ಹಳೆಯ ರಬ್ಬರನ್ನು ಕೆಡಿಸುತ್ತದೆಂದೂ ಓದಿ ಕೊಳವೆಗಳನ್ನೆಲ್ಲ ಬದಲಾಯಿಸಿದನು. ಅದು ತಪ್ಪಲ್ಲ. ಮುಂದಿನದು ತಪ್ಪು. ನಡುಕ ಅಡಗಲೆಂದು ಒಂದು ತಿರುಪನ್ನು ಒತ್ತಿ ಎಂಜಿನ್ನಿನ ವೇಗ ಏರಿಸಿದನು; ಮುಗ್ಗರಿಕೆ ನಿಲ್ಲಲೆಂದು ಪೆಟ್ರೋಲಿನ ಪಾಲನ್ನು ಹೆಚ್ಚಿಸಿದನು. ಎರಡು ದಿನ ಗುಣ ಕಂಡಿತು. ಮೂರನೆಯ ದಿನ ಪ್ಲಗ್ಗುಗಳು ಮಸಿ ಹಿಡಿದು ಬಂಡಿ ಹೊರಡಲೇ ಇಲ್ಲ. ಕಡೆಗೆ ಒಂದು ಗ್ಯಾರೇಜಿಗೆ ಒಪ್ಪಿಸಿದನು. ಅವರು ಹೊಸ ಸೂಜಿ, ಹೊಸ ಜೆಟ್ಟುಗಳನ್ನು ಹಾಕಿ, ದೊಡ್ಡದೊಂದು ಬಿಲ್ಲು ಕೊಟ್ಟು ಕಳುಹಿಸಿದರು. ಬಂಡಿ ಹಿಂದಿನಂತೆಯೇ ಮುಗ್ಗರಿಸಿತು.

ಒಂದು ಭಾನುವಾರ ಮಡದಿಯೊಡನೆ ಹೋಗುವಾಗ ರಸ್ತೆಗಳು ಕೂಡುವ ವೃತ್ತದೊಳಕ್ಕೆ ಬಂಡಿಯನ್ನು ನುಗ್ಗಿಸಿದನು. ಅದು ನಡುವೆಯೇ ಉಸಿರು ಕಟ್ಟಿತು. ಬಲಗಡೆಯಿಂದ ಬಂದ ಲಾರಿಯ ಬ್ರೇಕುಗಳು ಚೀರಿದವು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಮನೆ ಸೇರಿದ ಮೇಲೆ ಆಕೆ, ಇನ್ನು ಇದರಲ್ಲಿ ತಾನು ಕೂರುವುದಿಲ್ಲವೆಂದಳು. ಅವನೂ ವಾದಿಸಲಿಲ್ಲ. ಮಾರಾಟಕ್ಕಿದೆಯೆಂದು ಪ್ರಕಟಿಸಿದನು, ಶನಿವಾರ ಬಂದು ನೋಡುವುದಾಗಿ ಒಬ್ಬರು ಒಪ್ಪಿಕೊಂಡರು. ತಂದೆಗೆ ತಿಳಿಸುವ ಕೆಲಸ ಸೊಸೆಯ ಪಾಲಿಗೆ ಬಂತು. ಇಂತಹ ಕೆಲಸಗಳು ಹೆಚ್ಚಾಗಿ ಸೊಸೆಯಂದಿರ ಪಾಲಿಗೇ ಬರುತ್ತವೆ.

ಗುರುವಾರ ಸಂಜೆ ಮುದುಕರು ಕೋಲೂರಿಕೊಂಡು ಶೆಡ್ಡಿಗೆ ಬಂದರು. ಎಂಜಿನ್ನನ್ನು ನಡೆಸಲು ಹೇಳಿ, ಅದರ ಮೇಲಿನ ಮುಚ್ಚಳಕ್ಕೆ ಅಂಗೈ ಒತ್ತಿ ಬಹಳ ಹೊತ್ತು ನಿಂತರು. ಕಿವಿಗೆ ಕೇಳಿಸದಿದ್ದುದು ಕೈಗೆ ಕೇಳಿಸುತ್ತಿತ್ತೋ ಏನೋ. ಆಮೇಲೆ ಎಂಜಿನ್ನನ್ನು ಆರಿಸಿ, ಕಾರ್ಬುರೇಟರಿಗೆ ಬೆನ್ನು ತಿರುಗಿಸಿ, ಎದುರು ಪಕ್ಕದ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿಸಿದರು. ಕಾರ್ಬುರೇಟರಿನ ರೋಗ ಹತ್ತಕ್ಕೆ ಒಂಬತ್ತು ಪಾಲು ವಿದ್ಯುತ್ತಿನದೆಂಬುದು ಹಳೆಯ ಮೆಕ್ಯಾನಿಕ್ಕುಗಳ ನಂಬಿಕೆ.

ಎಂಜಿನ್ನು ನಿಮಿಷಕ್ಕೆ 800 ಸುತ್ತು ತಿರುಗುವಾಗ ಅದರ ನಾಲ್ಕು ಸಿಲಿಂಡರುಗಳಿಗೆ 1600 ಕಿಡಿಗಳು ಬೇಕು. ಕಿಡಿಯ ಕಾಲವನ್ನು ಹೊಂದಿಸುವ ತಟ್ಟೆಯೊಂದು ಡಿಸ್ಟ್ರಿಬ್ಯೂಟರಿನಲ್ಲಿದೆ. ಪೆಡಲನ್ನು ಒತ್ತಿದಾಗ ಕಾರ್ಬುರೇಟರಿನ ಕಡೆಯಿಂದ ಬರುವ ಗಾಳಿಯ ಸೆಳೆತಕ್ಕೆ ಆ ತಟ್ಟೆ ತುಸು ತಿರುಗುತ್ತದೆ. ತಟ್ಟೆಯೊಡನೆ ಒಂದು ಪುಟ್ಟ ತಂತಿಯೂ ಎಳೆಯಲ್ಪಡುತ್ತದೆ. ಮುದುಕರು ಬ್ಯಾಟರಿಗೂ ಆ ತಂತಿಗೂ ನಡುವೆ ಸಣ್ಣ ದೀಪವೊಂದನ್ನು ಜೋಡಿಸಿದರು. ದೀಪ ಉರಿಯಿತು. ಗಾಳಿಯ ಕೊಳವೆಯನ್ನು ಬಾಯಲ್ಲಿಟ್ಟು ಹೀರುವಂತೆ ಮಗನಿಗೆ ಸನ್ನೆ ಮಾಡಿದರು. ಎಳನೀರು ಹೀರುವವನಂತೆ ಮಗನು ಹೀರಿದನು. ತಟ್ಟೆ ತಿರುಗಿತು. ದೀಪ ಆರಿತು. ಬಿಟ್ಟರೆ ಉರಿಯಿತು; ಹೀರಿದರೆ ಆರಿತು.

ತಂತಿಯ ಹೊರಹೊದಿಕೆ ನೆಟ್ಟಗಿತ್ತು. ಒಳಗಿನ ಎಳೆಗಳು ಮಾತ್ರ ವರ್ಷಗಟ್ಟಲೆ ಬಾಗಿ ಬಾಗಿ ತುಂಡಾಗಿದ್ದವು. ಸುಮ್ಮನಿದ್ದಾಗ ತುದಿಗೆ ತುದಿ ತಗುಲಿಕೊಂಡು, ಎಳೆದೊಡನೆ ಅಗಲುತ್ತಿದ್ದವು. ಪೆಡಲಿಗೆ ಕಾಲು ಸೋಕಿದೊಡನೆ ಕಿಡಿ ಕೈಕೊಡುತ್ತಿದ್ದುದು ಹೀಗೆ. ಗೇಣುದ್ದವೂ ಇಲ್ಲದ ಆ ತಂತಿಯನ್ನು ಬದಲಾಯಿಸಿದ ಮೇಲೆ ಮುಗ್ಗರಿಕೆ ನಿಂತೇಹೋಯಿತು.

ನಡುಕ ಮಾತ್ರ ನಿಲ್ಲಲಿಲ್ಲ. ಮಗನ ಮುಖ ಬಾಡಿತು. ಎರಡು ಬೇರೆ ರೋಗಗಳನ್ನು ಒಂದೇ ಎಂದು ತಿಳಿದು ಒಂದೇ ಔಷಧ ಕುಡಿಸಿದ್ದನೆಂಬುದು ಅವನಿಗೆ ಹೊಳೆದದ್ದು ಆಗಲೇ. ತಂದೆ ಎಣ್ಣೆಯ ಡಬ್ಬಿಯಿಂದ, ಕಾರ್ಬುರೇಟರಿನ ಗಾಳಿತೆರೆಯನ್ನು ತಿರುಗಿಸುವ ಕಡ್ಡಿಯ ತುದಿಗೆ ಎರಡು ತೊಟ್ಟು ಬಿಟ್ಟರು. ಕೂಡಲೆ ಎಂಜಿನ್ನು ತಣ್ಣಗಾಯಿತು; ಅರೆ ನಿಮಿಷದ ಬಳಿಕ ಮತ್ತೆ ನಡುಗಿತು. ಆ ಕಡ್ಡಿ ಸವೆದು, ಅದರ ಸುತ್ತ ಕಳ್ಳಗಾಳಿ ನುಸುಳುತ್ತಿತ್ತು. ಎಂಜಿನ್ನು ಜೋರಾಗಿ ಉಸಿರಾಡುವಾಗ ಅಷ್ಟು ಗಾಳಿ ಲೆಕ್ಕಕ್ಕಿಲ್ಲ. ನಿಂತಲ್ಲಿ ಅದೇ ಹೆಚ್ಚು. ಹೊಸ ಸೂಜಿ ಹಾಕಿದ ಗ್ಯಾರೇಜಿನವರು ಈ ಕಡ್ಡಿಯನ್ನು ಅಲುಗಿಸಿ ನೋಡಿದ್ದರೆ ಸಾಕಾಗಿತ್ತು.

ಅದನ್ನು ಸರಿಪಡಿಸಲು ಎರಡು ವಾರ ಬೇಕಾಯಿತು. ಶನಿವಾರ ಬರಬೇಕಾಗಿದ್ದವರಿಗೆ ಸೊಸೆಯೇ ಫೋನು ಮಾಡಿ ಬರುವುದು ಬೇಡವೆಂದಿದ್ದಳು, ಕಾರಣ ಹೇಳಿರಲಿಲ್ಲ. ಬಂಡಿ ಸಿದ್ಧವಾದ ದಿನ ತಲೆಗೆ ವಸ್ತ್ರ ಕಟ್ಟಿಕೊಂಡು ಬಂದು, ಬಾಗಿಲು ತೆರೆದು ಮಾವನನ್ನು ಮುಂದಿನ ಆಸನದಲ್ಲಿ ಕೂರಿಸಿದಳು. ಬಂಡಿ ವೃತ್ತದವರೆಗೂ ಹೋಗಿ ಬರುವುದನ್ನು ಗೇಟಿನ ಬಳಿ ಕಾದು ನಿಂತಳು. ಬಂದ ಮೇಲೆ, ಎರಡನೆಯ ಸುತ್ತಿಗೆ ತಾನು ಹತ್ತಿದಳು.