ಹಿಂದಿನಿಂದ ಬರುವ ಸಾಮಾನು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮೂರನೆಯ ಮಾತೊಂದನ್ನು ಸೇರಿಸಲಿಲ್ಲ; ಸೇರಿಸುವ ಪ್ರಮೇಯ ಅವರ ಕಾಲಕ್ಕೆ ಒದಗಿರಲಿಲ್ಲ. ಕಾಶಿಯಾತ್ರೆಗೆ ಹೊರಟವನು ಸಾಲ ತೀರಿಸಿ, ಆಸ್ತಿಗೊಂದು ವ್ಯವಸ್ಥೆ ಮಾಡಿ, ನೆಂಟರಿಷ್ಟರಿಗೆಲ್ಲ ಕೈಮುಗಿದು ಹೊರಡುತ್ತಿದ್ದನೆಂಬುದು ನಿಜ. ಆದರೂ ಗಂಗೆಯ ತಂಬಿಗೆಯೊಡನೆ ಹಿಂದಿರುಗುವ ಆಸೆ ಅವನ ಮನಸ್ಸಿನಲ್ಲಿ ಇದ್ದೇ ಇರುತ್ತಿತ್ತು. ಹಿಂದಿರುಗುವುದಿಲ್ಲವೆಂದು ಮೊದಲೇ ಬರೆದುಕೊಟ್ಟು, ಅದಕ್ಕೆ ಶುಲ್ಕವನ್ನೂ ಕಟ್ಟಿ ಹೊರಡುವ ಪ್ರಯಾಣ ಈಚಿನ ಕಾಲದ್ದು. ಹಿರಿಯರು ಇಂದು ಇದ್ದಿದ್ದರೆ, 'ದೇಶ ಬಿಟ್ಟು ನೋಡು' ಎಂಬುದನ್ನೂ ಹೇಳಿ ಗಾದೆಯನ್ನು ಪೂರ್ತಿಮಾಡುತ್ತಿದ್ದರೋ ಏನೋ.

ಮಲ್ಲೇಶ್ವರದ ಹಳೆಯ ಮನೆಯೊಂದರಲ್ಲಿ ಈ ಮೂರನೆಯದು ನಡೆಯಿತು. ಮಂಗಳೂರು ಹೆಂಚಿನ ಮನೆ. ಮುಂದೆ ಒಂದು ಸಂಪಿಗೆಯ ಮರ, ಹಿತ್ತಿಲಿನಲ್ಲಿ ತುಳಸಿಕಟ್ಟೆ. ಮನೆಯ ಮಗನಿಗೆ ವಯಸ್ಸು ೩೮, ಎಂಜಿನಿಯರನ ಕೆಲಸ. ಹೆಂಡತಿ, ೧೦ ವರ್ಷದ ಮಗಳು, ೭೮ ವರ್ಷದ ತಾಯಿ - ಇಷ್ಟೇ ಸಂಸಾರ. ಹೊರಡುವುದು ಕೆನಡಾ ದೇಶದ ಟೊರಾಂಟೊ ನಗರಕ್ಕೆ, ಹೊರಡುವವರು ಮೂವರು. ನಾಲ್ವರಲ್ಲಿ ಮೂವರು ಹೋದರೆ ಉಳಿಯುವುದೆಷ್ಟು ಎಂಬ ಲೆಕ್ಕವನ್ನು ಮಗುವೂ ಮಾಡಬಲ್ಲದು. ಅದೊಂದನ್ನು ಮಾಡಬಾರದೆಂದೇ ಆ ಮನೆಯವರು ತಿಂಗಳುಗಟ್ಟಲೆ ಬೇರೆ ಲೆಕ್ಕಗಳಲ್ಲಿ ಮುಳುಗಿದ್ದರು.

ಬೇರೆ ಲೆಕ್ಕಗಳಿಗೇನೂ ಕೊರತೆಯಿರಲಿಲ್ಲ. ೨೦೧೫ರಿಂದ ಆ ದೇಶವು ತನ್ನಲ್ಲಿಗೆ ಬಂದು ನೆಲೆಸಬಯಸುವ ಕುಶಲ ಉದ್ಯೋಗಿಗಳನ್ನು ಅಂಕಗಳಿಂದ ಅಳೆದು ಸಾಲಿನಲ್ಲಿ ನಿಲ್ಲಿಸುತ್ತಿದೆ. ಒಟ್ಟು ಅಂಕಗಳು ೧,೨೦೦. ಓದಿಗಿಷ್ಟು, ಅನುಭವಕ್ಕಿಷ್ಟು, ಭಾಷೆಗಿಷ್ಟು, ವಯಸ್ಸಿಗಿಷ್ಟು. ವಯಸ್ಸಿನ ಅಂಕ ೨೯ರವರೆಗೆ ತುಂಬಿ ನಿಂತಿದ್ದು, ಅಲ್ಲಿಂದ ಮುಂದೆ ವರ್ಷವರ್ಷಕ್ಕೂ ಇಳಿಯುತ್ತ, ೪೫ಕ್ಕೆ ಸೊನ್ನೆಯಾಗುತ್ತದೆ. ಕನ್ನಡಿ ದಾಕ್ಷಿಣ್ಯಕ್ಕೆ ಹೇಳದೆ ಬಿಟ್ಟಿದ್ದನ್ನು ಈ ಲೆಕ್ಕ ನಿರ್ದಾಕ್ಷಿಣ್ಯವಾಗಿ ಹೇಳಿತು. ಕಚೇರಿಯಲ್ಲಿ ೧೫ ವರ್ಷ ಇಂಗ್ಲಿಷಿನಲ್ಲಿಯೇ ವಾದಿಸಿದ್ದ ಗಂಡಹೆಂಡಿರು ಶಾಲೆಯ ಮಕ್ಕಳಂತೆ ಇಂಗ್ಲಿಷ್ ಪರೀಕ್ಷೆಗೆ ಕುಳಿತರು. ವಿಶ್ವವಿದ್ಯಾನಿಲಯದ ಅಂಕಪಟ್ಟಿಗಳು ಅಲ್ಲಿಯ ಪರಿಶೀಲಕರ ಬಳಿಗೆ ಹೋಗಿ, ಇಲ್ಲಿಯ ಪದವಿ ಅಲ್ಲಿಯೂ ಪದವಿಯೇ ಎಂಬ ಒಪ್ಪಿಗೆಯನ್ನು ಪಡೆದುವು. ಇವರ ಮೇಲೆ ಯಾವ ಮೊಕದ್ದಮೆಯೂ ಇಲ್ಲವೆಂದು ಪೋಲೀಸರ ವಿಚಾರಣೆಯ ಪತ್ರ ಬಂದಿತು. ಎದೆಯ ಚಿತ್ರ ತೆಗೆದು, ರಕ್ತ ನೋಡಿ, ಆರೋಗ್ಯವಂತರೆಂದು ವೈದ್ಯರು ಬರೆದರು.

"ಮದುವೆಗೆ ಮುಂಚೆ ನಮ್ಮ ಮನೆಯವರು ಇದರ ಕಾಲುಭಾಗದಷ್ಟೂ ವಿಚಾರಿಸಲಿಲ್ಲ" ಎಂದು ಹೆಂಡತಿ ನಕ್ಕಳು. "ವಿಚಾರಿಸಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ" ಎಂದು ಗಂಡನೂ ನಕ್ಕನು. ಆ ಮನೆಯಲ್ಲಿ ಆಗಿನ್ನೂ ನಗುವಿಗೆ ಬರವಿರಲಿಲ್ಲ.

ಏಕೆ ಹೋಗುತ್ತೀರಿ ಎಂದು ಕೇಳಿದವರಿಗೆಲ್ಲ ಮಗನ ಬಳಿ ಒಂದೊಂದು ಉತ್ತರವಿತ್ತು. ಕಚೇರಿಯವರಿಗೆ ಬೆಂಗಳೂರಿನ ವಾಹನದಟ್ಟಣೆ, ನೆಂಟರಿಗೆ ಮಗಳ ವಿದ್ಯಾಭ್ಯಾಸ, ಗೆಳೆಯರಿಗೆ ಹೊಸ ಲೋಕದ ಅನುಭವ. ತಾಯಿಗೆ ಮಾತ್ರ ಅವನು ಕಾರಣ ಹೇಳಲಿಲ್ಲ, ಅವಧಿ ಹೇಳಿದನು. "ಮೂರು ನಾಲ್ಕು ವರ್ಷ ಅಮ್ಮ. ನೋಡೋಣ, ಆಮೇಲೆ ಬಂದುಬಿಡುತ್ತೇವೆ." ತಾಯಿ, "ಆಗಲಪ್ಪ" ಎಂದರು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ.

ಟಿಕೆಟ್ಟು ಬಂದಮೇಲೆ ಮನೆಯ ಯಜಮಾನಿಕೆ ತಕ್ಕಡಿಗೆ ಹೋಯಿತು. ತಲೆಗೆ ೨೩ ಕಿಲೋ ತೂಕದ ಎರಡು ಪೆಟ್ಟಿಗೆ, ಮೂವರಿಗೆ ಆರು, ಒಟ್ಟು ೧೩೮ ಕಿಲೋ. ಮೂರು ತಲೆಮಾರು ಬಾಳಿದ ಮನೆಯನ್ನು ೧೩೮ ಕಿಲೋಗೆ ಇಳಿಸುವುದು ಸುಲಭವಲ್ಲ. ಪೆಟ್ಟಿಗೆಯ ಹಿಡಿಗೆ ಸಿಕ್ಕಿಸಿ ಎತ್ತುವ ಸಣ್ಣ ತಕ್ಕಡಿಯೊಂದು ದಿನವೆಲ್ಲ ಕೈಯಿಂದ ಕೈಗೆ ತಿರುಗಿತು. ಸಾರಿನ ಪುಡಿ, ಹುಳಿಪುಡಿಗಳಿಗೆ ಮೊದಲ ಸ್ಥಾನ. ಮನೆಯ ಮಿಕ್ಸಿಗೆ ಸ್ಥಾನವಿಲ್ಲ. ಇಲ್ಲಿಯ ವಿದ್ಯುತ್ತು ೨೩೦ ವೋಲ್ಟ್, ಅಲ್ಲಿಯದು ೧೨೦. ಇಲ್ಲಿ ಗರ್ಜಿಸುವ ಯಂತ್ರ ಅಲ್ಲಿ ಆಕಳಿಸುತ್ತದೆ. ಅಂಥ ದೇಶಗಳಿಗೆಂದೇ ತಯಾರಾಗುವ ೧೧೦ ವೋಲ್ಟಿನ ಮಿಕ್ಸಿಯನ್ನು ಕೊಂಡುತಂದು, ಅದರ ಜಾಡಿಗಳೊಳಗೆ ಮಗುವಿನ ಕಾಲುಚೀಲಗಳನ್ನು ತುಂಬಿದ್ದಾಯಿತು. ಪುಸ್ತಕಗಳು ಒಳಗೆ ಹೋದುವು, ಹೊರಗೆ ಬಂದುವು, ಮತ್ತೆ ಅರ್ಧ ಒಳಗೆ ಹೋದುವು. ಒಂಟಾರಿಯೋ ಪ್ರಾಂತದ ಶಾಲೆಗಳು ಮಕ್ಕಳಿಗೆ ಹಾಕಿಸಿದ ಲಸಿಕೆಗಳ ವಿವರ ಕೇಳುವುದರಿಂದ, ಮಗುವಿನ ಹಳೆಯ ಲಸಿಕೆಯ ಕಾರ್ಡು ಚಿನ್ನದ ಪತ್ರದಂತೆ ಕೈಚೀಲ ಸೇರಿತು.

ಹೆಂಡತಿಗೊಂದು ಆಸೆ: ಹಿತ್ತಿಲ ತುಳಸಿಯ ಸಸಿಯೊಂದನ್ನು ಬುಡದ ಮಣ್ಣಿನೊಡನೆ ಒದ್ದೆಬಟ್ಟೆಯಲ್ಲಿ ಸುತ್ತಿಕೊಳ್ಳಬೇಕೆಂದು. ಗಂಡನು ನಿಯಮಗಳನ್ನು ಓದಿ ತಲೆಯಾಡಿಸಿದನು. ಪರದೇಶದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಹುಳು, ಬೂಷ್ಟು, ಬೇರಿನ ರೋಗಗಳು ಇರಬಹುದಾದ್ದರಿಂದ ಕೆನಡಾ ಅದನ್ನು ಗಡಿಯಲ್ಲಿಯೇ ತಡೆಯುತ್ತದೆ. ಪಾದರಕ್ಷೆಗೆ ಮೆತ್ತಿದ ಮಣ್ಣನ್ನೂ ತೊಳೆದು ಹೋಗಬೇಕು. ಪಡಸಾಲೆಯಲ್ಲಿ ಹೂಬತ್ತಿ ಹೊಸೆಯುತ್ತಿದ್ದ ತಾಯಿ ಇದನ್ನು ಕೇಳಿ, "ಮನುಷ್ಯರು ಹೋಗಬಹುದು, ಮಣ್ಣು ಮಾತ್ರ ಕೂಡದೋ?" ಎಂದರು. ಯಾರೂ ಉತ್ತರ ಹೇಳಲಿಲ್ಲ. ಅದು ಪ್ರಶ್ನೆಯಂತೆಯೂ ಇರಲಿಲ್ಲ.

ಆ ತಾಯಿಗೆ ಈ ಸಡಗರ ಹೊಸದಲ್ಲ. ೧೯೬೯ರಲ್ಲಿ ಅವರು ಇದೇ ಪಡಸಾಲೆಯಿಂದ ಮೈದುನನನ್ನು ಅಮೆರಿಕಕ್ಕೆ ಕಳುಹಿಸಿದ್ದರು. ವರ್ಷಕ್ಕೆ ನೂರು ಮಂದಿ ಭಾರತೀಯರಿಗಷ್ಟೇ ತೆರೆದಿದ್ದ ಆ ದೇಶದ ಬಾಗಿಲು ೧೯೬೫ರ ಕಾನೂನಿನಿಂದ ಅಗಲವಾಗಿ, ಇಲ್ಲಿಯ ವೈದ್ಯರೂ ಎಂಜಿನಿಯರುಗಳೂ ಹೊರಡತೊಡಗಿದ್ದ ಕಾಲ ಅದು. ವಿದೇಶೀ ಹಣಕ್ಕೆ ದೇಶದಲ್ಲಿ ಕಡುಬರ. ಈಗ ಒಬ್ಬನು ಒಂದು ಆರ್ಥಿಕ ವರ್ಷದಲ್ಲಿ ೨,೫೦,೦೦೦ ಡಾಲರುಗಳವರೆಗೆ ಹೊರಗೆ ಕಳುಹಿಸಬಹುದು. ಆ ಮೈದುನನ ಜೇಬಿನಲ್ಲಿ ಇದ್ದದ್ದು ಎಂಟು ಡಾಲರು. ಹೊರಡುವಾಗ ಅತ್ತಿಗೆಗೆ ನಮಸ್ಕರಿಸಿ, "ಐದು ವರ್ಷ ಅತ್ತಿಗೆ, ಓದು ಮುಗಿಸಿ ಬಂದುಬಿಡುತ್ತೇನೆ" ಎಂದಿದ್ದನು. ನೀಲಿ ಕಾಗದಗಳು ಬಂದುವು. ಆಮೇಲೆ ಫೋಟೋಗಳು ಬಂದುವು. ಆಮೇಲೆ ದೂರವಾಣಿಯಲ್ಲಿ ಧ್ವನಿ ಬಂದಿತು. ಅವನು ಮೂರು ಸಲ ಬಂದು ಹೋದನು. ಬಂದು ಉಳಿಯಲಿಲ್ಲ. ಅವನು ಶಾಶ್ವತವಾಗಿ ಹೋಗುತ್ತಾನೆಂದು ಆಗ ಯಾರೂ ಅಂದಿರಲಿಲ್ಲ; ಅಂಥ ಮಾತನ್ನು ಬರೆಯುವ ಕಾಗದವೂ ಆ ಮನೆಗೆ ಬಂದಿರಲಿಲ್ಲ.

ಈಗ ಬಂದಿತು. ಕೆನಡಾದಲ್ಲಿ ನೆಲೆಸಲು ಹೋಗುವವನು ಮೊದಲ ಬಾರಿ ಅಲ್ಲಿ ಇಳಿದಾಗ ಸುಂಕದ ಅಧಿಕಾರಿಗೆ ಎರಡು ಪಟ್ಟಿಗಳನ್ನು ಒಪ್ಪಿಸಬೇಕು. ಒಂದು, ಜೊತೆಯಲ್ಲಿ ತಂದಿರುವ ಸಾಮಾನು. ಇನ್ನೊಂದು, ಹಿಂದಿನಿಂದ ಬರುವ ಸಾಮಾನು. ಈ ಎರಡನೆಯ ಪಟ್ಟಿಯಲ್ಲಿ ಬರೆದದ್ದು ಮುಂದೆ ಎಂದಾದರೂ ಬಂದರೆ ಸುಂಕವಿಲ್ಲದೆ ಒಳಗೆ ಬಿಡುತ್ತಾರೆ. ಬರೆಯದ್ದಕ್ಕೆ ಆ ರಿಯಾಯಿತಿ ದೊರೆಯಲಾರದು. ಪ್ರತಿಯೊಂದು ವಸ್ತುವಿಗೂ ಬೆಲೆ ಕಾಣಿಸಬೇಕು; ಒಡವೆಯಾದರೆ ಅಕ್ಕಸಾಲಿಗನ ವಿವರಣೆಯೂ ಫೋಟೋವೂ ಇದ್ದರೆ ಒಳ್ಳೆಯದು. ಒಂದು ಷರತ್ತು ಮಾತ್ರ ಉಂಟು: ವಸ್ತು ಹೋಗುವುದಕ್ಕೆ ಮೊದಲೇ ಅವರದಾಗಿರಬೇಕು, ಅವರು ಅದನ್ನು ಬಳಸಿಯೂ ಇರಬೇಕು.

ರಾತ್ರಿ ಊಟವಾದಮೇಲೆ ಮಗನು ಪಟ್ಟಿಯನ್ನು ಮೇಜಿನ ಮೇಲಿಟ್ಟು ದೂರವಾಣಿಗೆಂದು ಒಳಗೆ ಹೋದನು. ಅಜ್ಜಿ ಮೊಮ್ಮಗಳನ್ನು ಕರೆದು, "ಅದೇನು ಓದಿ ಹೇಳು ಮಗು" ಎಂದರು. ಮಗು ಓದಿ ಹೇಳಿತು: "ಇದು ನಮ್ಮ ಜೊತೆ ಬರೋ ಸಾಮಾನು ಅಜ್ಜಿ. ಇದು ಹಿಂದಿನಿಂದ ಬರೋದು. ನಾವು ಖಾಯಂ ಆಗಿ ಹೋಗ್ತಿದ್ದೀವಲ್ಲ, ಅದಕ್ಕೆ ಎಲ್ಲಾ ಬರೀಬೇಕಂತೆ." ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರಸಿ, ಮತ್ತೆ ಹಾಕಿಕೊಂಡರು. ಮಗುವಿಗೆ ಮಲಗುವ ಹೊತ್ತಾಯಿತೆಂದು ಹೇಳಿ ಕಳುಹಿಸಿದರು.

ಬೆಳಿಗ್ಗೆ ಕಾಫಿಯ ಲೋಟವನ್ನು ಮಗನ ಮುಂದಿಟ್ಟು ಅವರೇ ಮಾತು ತೆಗೆದರು. "ಪಟ್ಟಿ ಮುಗಿಯಿತೇನಪ್ಪ?"

"ಮುಗಿಯುತ್ತ ಬಂದಿತಮ್ಮ."

"ಖಾಯಂ ಅಂತ ಬರೆದಿದೆಯಂತೆ."

ಮಗನ ಮುಖ ಇಳಿಯಿತು. ಕಾಫಿ ಆರುವಷ್ಟು ಹೊತ್ತು ಸುಮ್ಮನಿದ್ದು ಹೇಳಿದನು: "ಅದು ಸರಕಾರದ ಭಾಷೆ ಅಮ್ಮ. ಖಾಯಂ ಎಂದು ಅವರು ಕೊಡುವ ಕಾರ್ಡಿಗೂ ಐದೇ ವರ್ಷದ ಅವಧಿ."

ಅವನು ಹೇಳಿದ್ದು ಸುಳ್ಳಲ್ಲ. ಆ ಕಾರ್ಡನ್ನು ಸಾಮಾನ್ಯವಾಗಿ ಐದು ವರ್ಷಕ್ಕೊಮ್ಮೆ ಹೊಸದಾಗಿಸಬೇಕು. ಐದು ವರ್ಷಗಳಲ್ಲಿ ೭೩೦ ದಿನಗಳಾದರೂ ಅಲ್ಲಿ ವಾಸವಿದ್ದರೇ ನೆಲೆಸುವ ಹಕ್ಕು ಉಳಿಯುತ್ತದೆ. ಅಲ್ಲಿಯ ಪೌರನಾದರೆ ಮಾತ್ರ ಕಥೆ ಬೇರೆ. ೧೯೫೫ರ ಪೌರತ್ವದ ಕಾನೂನಿನಂತೆ, ಸ್ವಇಚ್ಛೆಯಿಂದ ಬೇರೆ ದೇಶದ ಪೌರತ್ವ ಪಡೆದವನು ಆ ಕ್ಷಣವೇ ಭಾರತದ ಪೌರನಲ್ಲ. ೨೦೦೫ರಲ್ಲಿ ಬಂದ ಸಾಗರೋತ್ತರ ಪೌರರ ಕಾರ್ಡು ಹುಟ್ಟೂರಿಗೆ ಬಂದುಹೋಗಲು ಬಾಗಿಲನ್ನು ತೆರೆದಿಡುತ್ತದೆಯೇ ಹೊರತು, ಮತದ ಹಕ್ಕನ್ನಾಗಲಿ ಹೊಲಗದ್ದೆ ಕೊಳ್ಳುವ ಹಕ್ಕನ್ನಾಗಲಿ ಕೊಡುವುದಿಲ್ಲ. ಮಗನು ಇದನ್ನೆಲ್ಲ ಓದಿದ್ದನು. ತಾಯಿಗೆ ಹೇಳಿದ್ದು ಐದು ವರ್ಷವೊಂದನ್ನೇ.

ತಾಯಿ ಮೆಲ್ಲಗೆ ನಕ್ಕರು. "ನಿನ್ನ ಚಿಕ್ಕಪ್ಪ ಹೇಳಿದ್ದೂ ಐದೇ ವರ್ಷ."

ಮಗನು ತಲೆ ತಗ್ಗಿಸಿದನು. ಅವರೇ ಮುಂದುವರಿಸಿದರು: "ನೀನು ಮುಚ್ಚಿಟ್ಟೆಯೆಂದು ನನಗೆ ಕೋಪವಿಲ್ಲ. ಹೇಳಲು ನಿನಗೆ ಕಷ್ಟವಾಯಿತಲ್ಲ, ನನಗೆ ಅಷ್ಟು ಸಾಕು. ಆದರೆ ಇನ್ನುಮೇಲೆ ಹೇಳಿಬಿಡು. ನಿಜ ಗೊತ್ತಿದ್ದರೆ ಮನೆ ಹೇಗೆ ನಡೆಸಬೇಕೆಂದು ನಾನೂ ಯೋಚಿಸಬಹುದು."

ಆಗ ಅವನಿಗೆ ಧೈರ್ಯ ಬಂದು ಎಲ್ಲವನ್ನೂ ಹೇಳಿದನು. ತಂದೆತಾಯಿಯರಿಗೆಂದು ಅಲ್ಲಿಯ ಸರಕಾರ ೨೦೧೧ರಲ್ಲಿ ತಂದ ಒಂದು ವೀಸಾ ಇದೆ. ಅದರ ಮೇಲೆ ಬಂದರೆ ಒಮ್ಮೆಗೆ ಐದು ವರ್ಷದವರೆಗೆ ಮಕ್ಕಳ ಮನೆಯಲ್ಲಿ ಇರಬಹುದು. ಒಂದು ಲಕ್ಷ ಡಾಲರಿನ ವೈದ್ಯಕೀಯ ವಿಮೆ ಮಾಡಿಸಬೇಕು, ಅದನ್ನು ತಾನು ನೋಡಿಕೊಳ್ಳುತ್ತೇನೆ ಎಂದನು. ತಾಯಿ ಸಾವಧಾನವಾಗಿ ಕೇಳಿದರು. "ನೋಡಲು ಬರುತ್ತೇನೆ. ಇರಲು ಬರುವುದಿಲ್ಲ. ಮೈಸೂರಿನಿಂದ ನಿನ್ನ ಅಕ್ಕ ಬಂದುಹೋಗುತ್ತಾಳೆ. ಹಿಂದಿನ ಕೋಣೆಗಳಿಗೆ ಗುರುತಿನವರ ಸಂಸಾರವೊಂದನ್ನು ಇರಿಸಿಕೊಂಡರೆ ರಾತ್ರಿಯ ಹೊತ್ತು ಮನೆಯಲ್ಲಿ ಮಾತು ಕೇಳಿಸುತ್ತದೆ." ಇಷ್ಟನ್ನೆಲ್ಲ ಅವರು ಆ ಬೆಳಿಗ್ಗೆ ಯೋಚಿಸಿದ್ದಲ್ಲವೆಂಬುದು ಮಗನಿಗೆ ತಿಳಿಯಿತು. 'ಆಗಲಪ್ಪ' ಎಂದ ದಿನದಿಂದಲೇ ಅವರ ಸಿದ್ಧತೆಯೂ ನಡೆದಿತ್ತು. ಹೊರಡುವವರ ಸಿದ್ಧತೆ ಪೆಟ್ಟಿಗೆಗಳಲ್ಲಿ ಕಾಣುತ್ತದೆ. ಉಳಿಯುವವರ ಸಿದ್ಧತೆ ಯಾರ ಕಣ್ಣಿಗೂ ಬೀಳುವುದಿಲ್ಲ.

"ಹಿಂದಿನಿಂದ ಬರುವ ಪಟ್ಟಿಯಲ್ಲಿ ನನ್ನ ಕಾಸಿನ ಸರ ಸೇರಿಸು" ಎಂದರು ತಾಯಿ.

"ಅದು ನಿನ್ನದಲ್ಲವೇ ಅಮ್ಮ? ಅವರದಾಗಿದ್ದು ಬಳಸಿದ್ದಾದರೆ ಮಾತ್ರ ಬರೆಯಬಹುದಂತೆ."

"ಹಾಗಾದರೆ ಇವತ್ತೇ ನಿನ್ನ ಹೆಂಡತಿಗೆ ಕೊಟ್ಟೆ. ನಾಳೆ ಶುಕ್ರವಾರ, ಹಾಕಿಕೊಂಡು ದೇವಸ್ಥಾನಕ್ಕೆ ಹೋಗಿಬರಲಿ. ಬಳಸಿದಂತಾಯಿತಲ್ಲ!"

ಬ್ಯಾಂಕಿನ ಲಾಕರಿನಿಂದ ಸರ ಬಂದಿತು. ಮಾರನೆಯ ಸಂಜೆ ಸೊಸೆ ರೇಷ್ಮೆ ಸೀರೆಯುಟ್ಟು, ಅತ್ತೆಯ ಅತ್ತೆ ಧರಿಸಿದ್ದ ಆ ಸರವನ್ನು ಹಾಕಿಕೊಂಡು ಕಾಡುಮಲ್ಲೇಶ್ವರನ ಗುಡಿಗೆ ಹೋಗಿಬಂದಳು. ತುಳಸಿಕಟ್ಟೆಯ ಮುಂದೆ ನಿಲ್ಲಿಸಿ ಮಗು ಫೋಟೋ ತೆಗೆಯಿತು. ಸುಂಕದ ಅಧಿಕಾರಿಗೆ ಬೇಕಾದದ್ದು ಸರದ ಚಿತ್ರ ಮಾತ್ರ. ಆದರೆ ಅದರಲ್ಲಿ ಸೊಸೆಯ ಮುಖವೂ, ಸರದ ಕೊಂಡಿಯನ್ನು ಸರಿಪಡಿಸುತ್ತಿದ್ದ ಅತ್ತೆಯ ಕೈಯೂ ಬಂದುಬಿಟ್ಟಿದ್ದುವು. ಸೊಸೆ ಸರವನ್ನು ತೆಗೆಯುತ್ತ, "ಅತ್ತೆ, ಈಗಲೇ ಜೊತೆಯಲ್ಲಿ ತೆಗೆದುಕೊಂಡು ಹೋಗಲೇ? ಇದರ ತೂಕವೇನೂ ಹೆಚ್ಚಲ್ಲ" ಎಂದು ಕೇಳಿದಳು.

"ಬೇಡಮ್ಮ, ಇಲ್ಲೇ ಇರಲಿ. ಇಂಥ ದಿನದೊಳಗೆ ಬರಬೇಕೆಂಬ ಗಡುವೇನಾದರೂ ಇದೆಯೇ?"

"ಇಲ್ಲ ಅತ್ತೆ, ಗಡುವಿಲ್ಲ."

"ಮತ್ತೆ ಇನ್ನೇನು? ಅದಕ್ಕಾಗಿಯಾದರೂ ನೀವು ಒಂದು ಸಲ ಬರಬೇಕಾಗುತ್ತದೆ."

ಸೊಸೆ ಥಟ್ಟನೆ ಬಗ್ಗಿ ಅತ್ತೆಯ ಕಾಲುಮುಟ್ಟಿದಳು. ಏಕೆಂದು ಯಾರೂ ಕೇಳಲಿಲ್ಲ.

ದೇವನಹಳ್ಳಿಯ ನಿಲ್ದಾಣಕ್ಕೆ ತಾಯಿ ಹೋಗಲಿಲ್ಲ. ಮನೆಯಿಂದ ಹೊರಟವರನ್ನು ಮನೆಯ ಬಾಗಿಲಿನಿಂದಲೇ ಕಳುಹಿಸಬೇಕೆಂದು ಹಠ ಹಿಡಿದು, ಮೊಸರು ಸಕ್ಕರೆ ಕೊಟ್ಟು, ಕಾರಿನ ದೀಪ ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದರು. ಎರಡನೆಯ ದಿನ ದೂರವಾಣಿ ಬಂದಾಗ ಅವರು ಚಳಿ ಎಷ್ಟಿದೆಯೆಂದು ಕೇಳಲಿಲ್ಲ, ಮನೆ ಹೇಗಿದೆಯೆಂದೂ ಕೇಳಲಿಲ್ಲ.

"ಪಟ್ಟಿ ಒಪ್ಪಿಸಿದೆಯಾ?"

"ಒಪ್ಪಿಸಿದೆನಮ್ಮ. ಮೊಹರು ಹಾಕಿ ಕೊಟ್ಟರು."

"ಸರ ಬರೆದುಕೊಂಡರೇ?"

"ಬರೆದುಕೊಂಡರಮ್ಮ. ಹಿಂದಿನಿಂದ ಬರುತ್ತದೆ ಎಂದೆ."

"ಹಾಗಾದರೆ ಸರಿ" ಎಂದು ತಾಯಿ ತುಳಸಿಗೆ ನೀರು ಹಾಕಲು ಹೋದರು.