ಪ್ಯಾರಮೂರ್ ಪದದ ಪೂರ್ವಾಶ್ರಮ

ಅಥೆನ್ಸಿನ ಕೋಟೆಯ ಬುರುಜಿನಲ್ಲಿ ಇಬ್ಬರು ಸೆರೆಯಾಳುಗಳಿದ್ದಾರೆ. ಒಬ್ಬ ಪ್ಯಾಲಮನ್, ಇನ್ನೊಬ್ಬ ಆರ್ಸೈಟ್. ಥೀಬ್ಸ್ ಅರಸುಮನೆತನದ ಅಕ್ಕತಂಗಿಯರ ಮಕ್ಕಳು. ಎಂಥ ಹೊತ್ತಿನಲ್ಲೂ ಒಬ್ಬರಿಗೊಬ್ಬರು ಆಗುತ್ತೇವೆಂದು ಆಣೆ ಮಾಡಿಕೊಂಡವರು. ಮೇ ತಿಂಗಳ ಒಂದು ಬೆಳಗ್ಗೆ ಪ್ಯಾಲಮನ್ ದಪ್ಪ ಸರಳುಗಳ ನಡುವಿನಿಂದ ಕೆಳಗಿನ ತೋಟದತ್ತ ನೋಡುತ್ತಾನೆ. ಅಲ್ಲಿ ಎಮಿಲಿ ಎಂಬ ತರುಣಿ ಕೆಂಪು ಬಿಳಿ ಹೂಗಳನ್ನು ಬಿಡಿಸುತ್ತ, ತನ್ನಷ್ಟಕ್ಕೆ ಹಾಡಿಕೊಳ್ಳುತ್ತ ಅಡ್ಡಾಡುತ್ತಿದ್ದಾಳೆ. ಪ್ಯಾಲಮನ್ ಎದೆಗೆ ಇರಿತವಾದವನಂತೆ ಚೀರುತ್ತಾನೆ. ಇವಳು ಹೆಣ್ಣೋ, ವೀನಸ್ ದೇವಿಯೇ ಇಳಿದು ಬಂದಿದ್ದಾಳೋ ತಿಳಿಯದೆ ಮೊಣಕಾಲೂರಿ ಕೈಮುಗಿಯುತ್ತಾನೆ. ಏನಾಯಿತೆಂದು ಎದ್ದು ಬಂದ ಆರ್ಸೈಟ್ ತಾನೂ ನೋಡುತ್ತಾನೆ. ಮುಗಿಯಿತು. ಆಣೆಯ ಅಣ್ಣತಮ್ಮಂದಿರು ಆ ಕ್ಷಣದಿಂದ ಹಗೆಗಳು.

ಮೊದಲು ನೋಡಿದ್ದು ನಾನು, ಹಾಗಾಗಿ ಅವಳನ್ನು ಒಲಿಯುವ ಹಕ್ಕು ನನ್ನದು ಎನ್ನುತ್ತಾನೆ ಪ್ಯಾಲಮನ್. ಆರ್ಸೈಟ್ ಕೊಡುವ ಉತ್ತರ ನನಗೆ ಬಹಳ ಇಷ್ಟ. ನೀನು ಕಂಡದ್ದು ದೇವತೆಯನ್ನು, ನಿನ್ನದು ಭಕ್ತಿ. ನಾನು ಅವಳನ್ನು ಹೆಣ್ಣೆಂದೇ ಕಂಡೆ, ಹೆಣ್ಣೆಂದೇ ಒಲಿದೆ, ಆದ್ದರಿಂದ ‘ಪ್ಯಾರಮೂರ್’ ಬಗೆಯಲ್ಲಿ ಮೊದಲು ಒಲಿದವನು ನಾನೇ ಎಂಬುದು ಅವನ ವಾದ. ವಕೀಲನ ಜಾಣತನ ಇದರಲ್ಲಿ ಇದೆ, ನಿಜ. ಆದರೂ ಕೈಮುಗಿದವನಿಗಿಂತ ಕಣ್ತುಂಬ ನೋಡಿದವನ ಮಾತೇ ನನಗೆ ಹೆಚ್ಚು ನಂಬಿಕೆಯದು ಅನಿಸುತ್ತದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ಜೆಫ್ರಿ ಚಾಸರ್ ಬರೆದ ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲಿ ನೈಟ್ ಹೇಳುವ ಕಥೆ ಇದು. ಇಡೀ ಜಗಳ ಆ ಒಂದು ಪದದ ಮೇಲೆ ನಿಂತಿದೆ.

ಪದ ಫ್ರೆಂಚರದು. ‘ಪಾರ್ ಅಮೂರ್’ ಎಂಬ ಎರಡು ಬಿಡಿ ಮಾತುಗಳು. ಒಲವಿನಿಂದ, ಒಲವಿಗಾಗಿ ಎಂದು ಅರ್ಥ. ‘ಅಮೂರ್’ ಲ್ಯಾಟಿನ್ನಿನ ‘ಅಮೋರ್’ನ ಕೂಸು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಮೇಲೆ ಅಲ್ಲಿನ ಆಸ್ಥಾನ, ನ್ಯಾಯಾಲಯ, ದೊಡ್ಡಮನೆಗಳಲ್ಲೆಲ್ಲ ಫ್ರೆಂಚ್ ನಡೆಯಿತು. ಆ ಹಾದಿಯಲ್ಲಿ ಬಂದ ನೂರಾರು ಮಾತುಗಳ ಜೊತೆ ಇದೂ ಸುಮಾರು 1300ರ ಹೊತ್ತಿಗೆ ಇಂಗ್ಲಿಷಿನಲ್ಲಿ ನೆಲೆಯೂರಿತು. ಮೊದಮೊದಲು ಅದು ವ್ಯಕ್ತಿಯ ಹೆಸರಲ್ಲ, ಒಲಿಯುವ ರೀತಿಯ ಹೆಸರು. ಅವನು ಅವಳನ್ನು ಪ್ಯಾರಮೂರ್ ಆಗಿ ಒಲಿದ ಎಂದರೆ ಮೈಮನಸ್ಸುಗಳ ಪೂರಾ ಬಯಕೆಯಿಂದ ಒಲಿದ ಎಂದು. ಆಮೇಲೆ ಎರಡು ಮಾತು ಬೆಸೆದು ಒಂದಾಯಿತು, ರೀತಿ ಹೋಗಿ ಆಳು ಉಳಿದ. ಒಲಿದವನು, ಒಲಿದವಳು ಇಬ್ಬರಿಗೂ ಅದೇ ಪದ.

ಇಂಗ್ಲಿಷಿಗೆ ಈ ಸಾಲ ಯಾಕೆ ಬೇಕಾಯಿತು? ‘ಲವ್’ ಇತ್ತಲ್ಲ? ಇತ್ತು. ಅದು ಬಹಳ ಹಳೆಯ ಬೇರಿನ ಮಾತು. ಸಂಸ್ಕೃತದ ‘ಲುಭ್’ ಧಾತುವಿಗೂ ಅದಕ್ಕೂ ಒಂದೇ ಮೂಲ. ಅಂದರೆ ನಾವು ಅರಿಷಡ್ವರ್ಗದಲ್ಲಿ ಕೂರಿಸಿರುವ ‘ಲೋಭ’ ಇಂಗ್ಲಿಷರ ‘ಲವ್’ಗೆ ದಾಯಾದಿ. ಹಾಗೆ ಒಂದೇ ಮನೆಯಲ್ಲಿ ಹುಟ್ಟಿದ ಎರಡು ಮಾತುಗಳಲ್ಲಿ ಒಂದು ಗದ್ದುಗೆ ಏರಿತು, ಇನ್ನೊಂದು ಗೆಲ್ಲಬೇಕಾದ ವೈರಿಯಾಯಿತು. ಅದಿರಲಿ. ತಾಯಿಯ ಮೇಲಿನ ಅಕ್ಕರೆ, ದೇವರ ಮೇಲಿನ ಭಕ್ತಿ, ಊಟದ ಮೇಲಿನ ಆಸೆ ಎಲ್ಲಕ್ಕೂ ‘ಲವ್’ ಒಂದೇ ಆದಾಗ ಆರ್ಸೈಟನಂಥವನಿಗೆ ತನ್ನ ಒಲವನ್ನು ಬೇರೆಯಾಗಿ ತೋರಿಸಲು ಇನ್ನೊಂದು ಮಾತು ಬೇಕಿತ್ತು.

ಆ ಕಾಲದ ಭಕ್ತರಿಗೂ ಬೇಕಿತ್ತು. ಆಗಿನ ಧಾರ್ಮಿಕ ಪದ್ಯಗಳಲ್ಲಿ ಹೆಂಗಸರು ಕ್ರಿಸ್ತನನ್ನು, ಗಂಡಸರು ಕನ್ಯಾಮೇರಿಯನ್ನು ಪ್ಯಾರಮೂರ್ ಎಂದು ಕರೆದಿದ್ದಾರೆ. ಇಂದಿನ ಇಂಗ್ಲಿಷ್ ಓದುಗನಿಗೆ ಇದು ದೈವನಿಂದೆಯಂತೆ ಕೇಳಬಹುದು. ನಮಗೆ ಹಾಗೆ ಕೇಳಬೇಕಾಗಿಲ್ಲ. ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದು ಸಾರಿದ ಅಕ್ಕಮಹಾದೇವಿ ಅದಕ್ಕೂ ಹಿಂದೆ, ಹನ್ನೆರಡನೆಯ ಶತಮಾನದಲ್ಲೇ, ಗಂಡ ಮಿಂಡ ಎಂಬ ಎರಡೂ ಮಾತನ್ನು ಒಂದೇ ವಚನದಲ್ಲಿ ಅಳುಕಿಲ್ಲದೆ ಇಟ್ಟಿದ್ದಾಳೆ. ಇಂದು ಬೀದಿಜಗಳದ ಬೈಗುಳವಾಗಿರುವ ಮಾತು ಅವಳ ಬಾಯಲ್ಲಿ ಬೈಗುಳವಾಗಿರಲಿಲ್ಲ.

ಇಷ್ಟು ಎತ್ತರದಲ್ಲಿದ್ದ ಪ್ಯಾರಮೂರ್ ಕೆಳಗಿಳಿದದ್ದು ಹೇಗೆ? ಅದರ ಹುಟ್ಟಿನಲ್ಲೇ ಉತ್ತರವಿದೆ ಎಂದು ನನ್ನ ನಂಬಿಕೆ. ‘ಒಲವಿಗಾಗಿ’ ಎಂದು ಒತ್ತಿ ಹೇಳಬೇಕಾಗಿ ಬರುವುದು ಒಲವಿಲ್ಲದ ಇನ್ನೊಂದು ಸಂಬಂಧ ಎದುರಿಗಿದ್ದಾಗ. ಆ ಇನ್ನೊಂದು ಸಂಬಂಧವೇ ಮದುವೆ. ಅಂದಿನ ಫ್ರಾನ್ಸಿನ ದೊಡ್ಡಮನೆಗಳಲ್ಲಿ ಮದುವೆ ಎಂದರೆ ಜಮೀನಿನ ವ್ಯವಹಾರ. ಅಕ್ವಿಟೇನ್ ಎಂಬ ದೊಡ್ಡ ಸೀಮೆಗೆ ವಾರಸುದಾರಳಾದ ಎಲಿನಾರ್ ಇನ್ನೂ ಹದಿಹರೆಯದಲ್ಲಿದ್ದಾಗ, 1137ರಲ್ಲಿ, ಫ್ರಾನ್ಸಿನ ಯುವರಾಜ ಲೂಯಿಗೆ ಅವಳನ್ನು ಕೊಟ್ಟು ಮದುವೆ ಮಾಡಿದರು. ಅದೇ ವರ್ಷ ಅವನು ಏಳನೆಯ ಲೂಯಿಯಾಗಿ ಪಟ್ಟಕ್ಕೆ ಬಂದ. 1152ರಲ್ಲಿ ಆ ಮದುವೆ ರದ್ದಾಯಿತು. ಎರಡು ತಿಂಗಳು ತುಂಬುವುದರೊಳಗೆ ಅವಳು ಹೆನ್ರಿಯನ್ನು ಮದುವೆಯಾದಳು. 1154ರಲ್ಲಿ ಅವನು ಇಂಗ್ಲೆಂಡಿನ ದೊರೆಯಾದ. ಅವಳ ಹಿಂದೆಯೇ ಅವಳ ಸೀಮೆಯೂ ಕೈ ಬದಲಾಯಿಸಿತು. ಅದರ ಹೊಡೆದಾಟ ಮುಂದೆ ಎರಡು ದೇಶಗಳನ್ನೂ ಬಹುಕಾಲ ಕಾಡಿತು.

ಲೂಯಿಯಿಂದ ಎಲಿನಾರಳಿಗೆ ಹುಟ್ಟಿದ ಮಗಳು ಮೇರಿ, ಶಾಂಪೇನ್ ಸೀಮೆಯ ಒಡತಿಯಾದಳು. ಆಂಡ್ರಿಯಸ್ ಕ್ಯಾಪೆಲ್ಲಾನಸ್ ಎಂಬಾತ 1180ರ ದಶಕದಲ್ಲಿ ಒಲವಿನ ಬಗ್ಗೆ ಲ್ಯಾಟಿನ್ನಿನಲ್ಲಿ ಬರೆದ ಪುಸ್ತಕದಲ್ಲಿ ಅವಳದೆಂದು ಹೇಳುವ ಒಂದು ಪತ್ರವಿದೆ. ತಾರೀಖು 1174ರ ಮೇ 1. ಗಂಡಹೆಂಡಿರ ನಡುವೆ ಒಲವು ಇರಬಲ್ಲದೇ ಎಂಬ ಪ್ರಶ್ನೆಗೆ ಅದರಲ್ಲಿ ಬಂದಿರುವ ತೀರ್ಪು: ಸಾಧ್ಯವಿಲ್ಲ. ಒಲಿದವರು ಯಾರ ಬಲವಂತವೂ ಇಲ್ಲದೆ ಕೊಡುತ್ತಾರೆ, ದಂಪತಿಗಳು ಕರ್ತವ್ಯಕ್ಕೆ ಕಟ್ಟುಬಿದ್ದು ಕೊಡುತ್ತಾರೆ ಎಂಬುದು ಕಾರಣ. ಆಂಡ್ರಿಯಸ್ ಇದನ್ನು ನಂಬಿ ಬರೆದನೋ ಪರಿಹಾಸಕ್ಕೆ ಬರೆದನೋ ಎಂದು ವಿದ್ವಾಂಸರು ಇಂದಿಗೂ ವಾದ ಮಾಡುತ್ತಾರೆ. ಜಮೀನಿನ ಮದುವೆಯಲ್ಲಿ ಹುಟ್ಟಿದ ಹೆಣ್ಣುಮಗಳ ಹೆಸರಿನಲ್ಲಿ ಬಂದ ಈ ತೀರ್ಪನ್ನು ನಾನಂತೂ ಪರಿಹಾಸವಾಗಿ ಓದಲಾರೆ. ಮದುವೆಯನ್ನು ಒಲವನ್ನು ಕೇಳದೆ ನಡೆಸಿದ ಮೇಲೆ ‘ಒಲವಿಗಾಗಿ’ ಎಂಬ ಪದ ಮದುವೆಯ ಹೊರಗೆ ನಿಲ್ಲಲೇಬೇಕಾಯಿತು. ಹೊರಗೆ ನಿಂತದ್ದಕ್ಕೆ ಕೆಟ್ಟ ಹೆಸರು ಬರಲು ಬಹಳ ದಿನ ಬೇಕಿಲ್ಲ.

ಚಾಸರನ ಹೊತ್ತಿಗೇ ಅದು ಬಂದಾಗಿತ್ತು. ಅದೇ ‘ಕ್ಯಾಂಟರ್‌ಬರಿ ಟೇಲ್ಸ್’ನಲ್ಲಿ ಐದು ಮದುವೆ ಕಂಡ ಬಾತ್ ಊರಿನ ಹೆಂಗಸು ತನ್ನ ನಾಲ್ಕನೆಯ ಗಂಡನ ಮೇಲೆ ದೂರುತ್ತಾಳೆ: ಅವನಿಗೊಬ್ಬ ಪ್ಯಾರಮೂರ್ ಇದ್ದಳು. ಇಲ್ಲಿ ಅದು ಇಟ್ಟುಕೊಂಡವಳು ಎಂಬ ಅರ್ಥದ ಮಾತು. ಸುಮಾರು 1595ರ ಹೊತ್ತಿನ ಷೇಕ್ಸ್‌ಪಿಯರ್ ನಾಟಕಗಳಲ್ಲೂ ಎರಡು ಬಣ್ಣ ಕಾಣುತ್ತವೆ. ‘ಎ ಮಿಡ್‌ಸಮ್ಮರ್ ನೈಟ್ಸ್ ಡ್ರೀಮ್’ನಲ್ಲಿ ನಾಟಕವಾಡಲು ಹೊರಟ ಕಸುಬುದಾರರಲ್ಲಿ ಒಬ್ಬ ತನ್ನ ಜೊತೆಗಾರ ಬಾಟಮ್‌ನ ಕಂಠವನ್ನು ಹೊಗಳುತ್ತ ‘ಪ್ಯಾರಗನ್’ ಎನ್ನುವ ಬದಲು ಬಾಯಿತಪ್ಪಿ ಪ್ಯಾರಮೂರ್ ಎನ್ನುತ್ತಾನೆ. ಜೊತೆಯವನು ದೇವರ ಹೆಸರೆತ್ತಿ ಗಾಬರಿಯಿಂದ ತಿದ್ದುತ್ತಾನೆ. ಇತ್ತ ರೋಮಿಯೊ ಜೂಲಿಯೆಟ್ಟಳ ಗೋರಿಯೊಳಗೆ ನಿಂತು, ಸಾವೇ ಇವಳನ್ನು ತನ್ನ ಪ್ಯಾರಮೂರ್ ಮಾಡಿಕೊಳ್ಳಲು ಈ ಕತ್ತಲಲ್ಲಿ ಇರಿಸಿಕೊಂಡಿದೆಯೇನೋ ಎಂದು ತಳಮಳಿಸುತ್ತಾನೆ. ಕಸುಬುದಾರರು ನಾಚುವ ಮಾತು ಹದಿಹರೆಯದ ಪ್ರೇಮಿಯ ಬಾಯಲ್ಲಿ ಎದೆಯೊಡೆಯುವ ಮಾತಾಗಿದೆ.

ಪದಗಳ ಈ ಏರಿಳಿತದಲ್ಲಿ ಜಾತಿ ಅಂತಸ್ತುಗಳ ಕೈವಾಡವೂ ಇದೆ ಎಂಬುದನ್ನು ಚಾಸರ್ ಚೆನ್ನಾಗಿ ಅರಿತಿದ್ದ. ಅವನ ಇನ್ನೊಂದು ಕಥೆಯನ್ನು ಹೇಳುವ ಮ್ಯಾನ್ಸಿಪಲ್, ಅಂದರೆ ವಕೀಲರ ವಸತಿಶಾಲೆಯ ಉಗ್ರಾಣ ನೋಡಿಕೊಳ್ಳುವವನು, ಕಥೆಯನ್ನು ನಡುವೆ ನಿಲ್ಲಿಸಿ ಒಂದು ಮಾತು ಆಡುತ್ತಾನೆ. ದಾರಿ ತಪ್ಪಿದ ದೊಡ್ಡಮನೆಯ ಹೆಂಗಸನ್ನು ‘ಲೇಡಿ’ ಎನ್ನುತ್ತೀರಿ, ಬಡವಿಯನ್ನು ‘ವೆಂಚ್’ ಎನ್ನುತ್ತೀರಿ. ಮಾಡಿದ್ದರಲ್ಲಿ ಇಬ್ಬರಿಗೂ ಏನು ವ್ಯತ್ಯಾಸ ಎಂದು ಕೇಳುತ್ತಾನೆ. ಆರು ನೂರು ವರ್ಷ ದಾಟಿದರೂ ಈ ಪ್ರಶ್ನೆಯ ಮೊನೆ ಮೊಂಡಾಗಿಲ್ಲ.

ಇಂಗ್ಲೆಂಡಿನಲ್ಲಿ ಇವತ್ತು ಪ್ಯಾರಮೂರ್ ಹಳೆಗಾಲದ ಮಾತು, ಕಾದಂಬರಿಗಳಲ್ಲಿ ಅಪರೂಪಕ್ಕೆ ಸಿಗುತ್ತದೆ. ಅದಿನ್ನೂ ದಿನದ ಬಳಕೆಯಲ್ಲಿ ಗಟ್ಟಿಯಾಗಿ ಉಳಿದಿರುವುದು ನಮ್ಮ ದೇಶದ ಇಂಗ್ಲಿಷ್ ಪತ್ರಿಕೆಗಳಲ್ಲಿ, ಅದರಲ್ಲೂ ಕೊಲೆ ಸುಲಿಗೆಯ ಅಂಕಣಗಳಲ್ಲಿ. ಕನ್ನಡ ಪತ್ರಿಕೆಗಳಲ್ಲಿ ಅದೇ ಜಾಗದಲ್ಲಿ ಕೂತಿರುವುದು ‘ಪ್ರಿಯಕರ’. ಪ್ರಿಯವಾದದ್ದನ್ನು ಮಾಡುವವನು ಎಂಬ ಒಳ್ಳೆಯ ಮಾತು ಈಗ ‘ಪ್ರಿಯಕರನ ಜೊತೆ ಸೇರಿ ಗಂಡನ ಕೊಲೆ’ ಎಂಬ ತಲೆಬರಹದ ಖಾಯಂ ಸದಸ್ಯ. ಸಿನಿಮಾ ಪುಟದಲ್ಲಿ, ಶ್ರೀಮಂತರ ಸುದ್ದಿಯಲ್ಲಿ ಇದೇ ಸಂಬಂಧಕ್ಕೆ ಗೆಳೆಯ, ಬಾಯ್‌ಫ್ರೆಂಡ್, ಸಂಗಾತಿ ಎಂಬ ಹೆಸರುಗಳಿವೆ. ಕೂಲಿ ಮಾಡುವ ಹೆಂಗಸಿನ ಬದುಕಿಗೆ ಬಂದವನು ಮಾತ್ರ ಪ್ರಿಯಕರ, ಅವರದು ಮಾತ್ರ ‘ಅನೈತಿಕ ಸಂಬಂಧ’.

ನಮ್ಮ ಆಡುಮಾತು ಬೇರೆ ಲೆಕ್ಕ ಇಟ್ಟಿದೆ. ಕಟ್ಟಿಕೊಂಡವಳು ಕಡೆತನಕ, ಇಟ್ಟುಕೊಂಡವಳು ಇರೋತನಕ ಎಂದು ಗಾದೆ. ಕಟ್ಟುವುದೂ ಗಂಡಸೇ, ಇಡುವುದೂ ಗಂಡಸೇ. ಎರಡು ಕ್ರಿಯಾಪದಗಳಲ್ಲೂ ಒಲವಿನ ಸುಳಿವಿಲ್ಲ. 1860ರ ದಂಡಸಂಹಿತೆಯ 497ನೇ ಕಲಮಿನ ಲೆಕ್ಕವೂ ಇದೇ ಆಗಿತ್ತು. ಹೆಂಡತಿಯೊಡನೆ ಕೂಡಿದ ಪರಪುರುಷನ ಮೇಲೆ ಮಾತ್ರ ಅಪರಾಧ. ಗಂಡನ ಸಮ್ಮತಿಯಿದ್ದರೆ ಅದೂ ಅಪರಾಧವಲ್ಲ. ಹೆಣ್ಣಿನ ಮನಸ್ಸಿಗೆ ಅಲ್ಲಿ ಜಾಗವೇ ಇರಲಿಲ್ಲ. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಆ ಕಲಮನ್ನು ರದ್ದು ಮಾಡಿತು. ಕಾನೂನು ಹೋಯಿತು, ತಲೆಬರಹ ಹೋಗಲಿಲ್ಲ.

ಗಂಡನನ್ನು ಕೊಂದವರನ್ನು ಮೆತ್ತಗೆ ಬರೆಯಿರಿ ಎಂದು ನಾನು ಹೇಳುತ್ತಿಲ್ಲ. ಕೊಲೆ ಕೊಲೆಯೇ. ಆದರೆ ಕೊಲೆಯ ಆರೋಪಕ್ಕೆ ‘ಆರೋಪಿ’ ಎಂಬ ಸರಿಯಾದ ಪದ ನಮ್ಮಲ್ಲಿದೆ. ಪ್ರಿಯಕರ ಎಂದು ಬರೆದ ಕೂಡಲೇ ವಿಚಾರಣೆಗೆ ಮೊದಲೇ ತೀರ್ಪು ಬರೆದಂತಾಗುತ್ತದೆ, ಹೆಣ್ಣಿನ ಒಲವೇ ಅಪರಾಧದ ಮೂಲ ಎಂದು ಓದುಗ ತಿಳಿಯುತ್ತಾನೆ. ಅವಳ ಮಕ್ಕಳೂ ಆ ಪತ್ರಿಕೆ ಓದುತ್ತಾರೆ. ಸುದ್ದಿಮನೆಯ ಗೆಳೆಯರಲ್ಲಿ ನನ್ನದೊಂದು ಬೇಡಿಕೆ: ಮುಂದಿನ ಸಲ ಅಂಥ ಸುದ್ದಿ ನಿಮ್ಮ ಮೇಜಿಗೆ ಬಂದಾಗ ಆ ಪದವನ್ನು ಹೊಡೆದುಹಾಕಿ, ಆರೋಪಿ ಎಂದು ಬರೆಯಿರಿ.