ರಜೆಯಿಲ್ಲದ ಹಬ್ಬ

ಸಿಂಗಪುರ
ತೈಪೂಸಂ ಮರುದಿನ

ಪ್ರೀತಿಯ ಅಕ್ಕ,

ಅಂಗಾಲು ಇನ್ನೂ ಉರಿಯುತ್ತಿದೆ. ನಿನ್ನೆ, ಮುರುಗನ ಹಬ್ಬವಾದ ತೈಪೂಸಂ ದಿನ, ಸೆರಂಗೂನ್ ರಸ್ತೆಯ ಪೆರುಮಾಳ್ ಗುಡಿಯಿಂದ ಟ್ಯಾಂಕ್ ರೋಡಿನ ದಂಡಾಯುಧಪಾಣಿ ಗುಡಿಯವರೆಗೆ, 3 ಕಿಲೋಮೀಟರಿಗೂ ಹೆಚ್ಚು, ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ನಡೆದೆ. ಹಾಲಿನ ಕೊಡ ಹೊತ್ತವರು ಪಕ್ಕದ ಮನೆಯ ತಮಿಳು ಹೆಂಗಸು. ನಾನು ಜೊತೆಗೆ ಹೋದವಳು.

ಮಗನ ಮನೆಗೆ ಬಂದಾಗ ದೀಪಾವಳಿ. ಲಿಟಲ್ ಇಂಡಿಯಾದಲ್ಲಿ ರಸ್ತೆಗೆ ಅಡ್ಡಲಾಗಿ ದೀಪದ ಕಮಾನುಗಳು. ಆಮೇಲೆ ಆರ್ಚರ್ಡ್ ರೋಡಿನ ಮಾಲುಗಳ ಮುಂದೆ ಕ್ರಿಸ್‌ಮಸ್ ಮರ, ಈಗ ಚೈನಾಟೌನಿನಲ್ಲಿ ಕೆಂಪು ಲಾಟೀನು. ಎಲ್ಲ ಕಡೆಯೂ ರಿಯಾಯಿತಿಯ ಬೋರ್ಡು. ದೀಪಾವಳಿಗೆ ಹಂಡೆಗೆ ಬಳ್ಳಿ ಸುತ್ತಿ ನೀರು ತುಂಬುತ್ತ ಬೆಳೆದವಳಿಗೆ ಮೊದಮೊದಲು ಮನಸ್ಸು ಮುದುಡಿತು. ಆದರೆ ಲಿಟಲ್ ಇಂಡಿಯಾದ ಆ ಕಮಾನಿನ ಕೆಳಗೆ ಚಕ್ಕುಲಿ ಕೊಳ್ಳಲು ಚೀನೀ ಅಜ್ಜಿಯೊಬ್ಬರು ಮೊಮ್ಮಗನ ಕೈ ಹಿಡಿದು ನಿಂತಿದ್ದರು. ದೀಪವಿಲ್ಲದಿದ್ದರೆ ಅವರು ಆ ಬೀದಿಗೆ ಬರುತ್ತಿದ್ದರೋ ಇಲ್ಲವೋ. ಅದನ್ನು ಬರೀ ವ್ಯಾಪಾರ ಎಂದು ತಳ್ಳಿಹಾಕಲು ನನ್ನಿಂದಾಗದು.

ತೈಪೂಸಂಗೆ ಮಾತ್ರ ಇಲ್ಲಿ ರಜೆಯೇ ಇಲ್ಲ. ಮೊದಲು ಇತ್ತಂತೆ. 1968ರಲ್ಲಿ, ಬ್ರಿಟಿಷರ ಸೇನೆ ಜಾಗ ಖಾಲಿ ಮಾಡುತ್ತದೆಂದು ತಿಳಿದು ದೇಶ ಹೊಟ್ಟೆಪಾಡಿಗೆ ಹೆದರಿದ್ದ ಹೊತ್ತಿನಲ್ಲಿ, ಕೆಲಸ ಹೆಚ್ಚಲಿ ಎಂದು ರಜೆಗಳನ್ನು ಕಡಿದರು. ಹಿಂದೂಗಳಿಗೆ ದೀಪಾವಳಿ ಉಳಿಯಿತು, ತೈಪೂಸಂ ಹೋಯಿತು. ಮುಸ್ಲಿಮರ ಪ್ರವಾದಿ ಜಯಂತಿ, ಕ್ರೈಸ್ತರ ಈಸ್ಟರ್ ಸೋಮವಾರವೂ ಹೋದವು. ಈಗ ವರ್ಷಕ್ಕೆ ಒಟ್ಟು 11 ರಜೆ.

ಪಕ್ಕದ ಮನೆಯವರು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕಿದ್ದಾರೆ. ನಿನ್ನೆ ಹಗಲಿನ ಅವರ ಪಾಳಿ ಹಿಡಿದದ್ದು ಮಲಯ ಗೆಳತಿ. ಪ್ರವಾದಿ ಜಯಂತಿಯ ದಿನ ಆ ಗೆಳತಿಯ ಪಾಳಿಯನ್ನು ಇವರು ಹಿಡಿಯುತ್ತಾರೆ. ಕೇಳಿದರೆ, “ಅವಳಿಗೂ ರಜೆ ಇಲ್ಲವಲ್ಲ” ಎಂದರು, ಅಷ್ಟೇ. ಒಂದೇ ವರ್ಷ ಪಟ್ಟಿಯಿಂದ ಬಿದ್ದ ಎರಡು ಹಬ್ಬಗಳನ್ನು ಇಬ್ಬರು ಹೆಂಗಸರು ಹೀಗೆ ಕಾಪಾಡಿಕೊಂಡು ಬಂದಿದ್ದಾರೆ ಅಕ್ಕ. ನನಗೆ ಗಂಟಲು ಕಟ್ಟಿತು.

ನಿನ್ನೆ ಪಕ್ಕದ ಮನೆಯವರು ಕೊಡದ ಬಾಯಿಗೆ ಹಳದಿ ಬಟ್ಟೆ ಬಿಗಿದಿದ್ದರು. ಆದರೂ ತಿರುವಿನಲ್ಲಿ ಹಾಲು ತುಳುಕಿ ಕಿವಿಯ ಹಿಂದೆ ಇಳಿಯಿತು, ಒರೆಸಿಕೊಳ್ಳಲಿಲ್ಲ. ನಮ್ಮ ಮುಂದೆ ಚೀನೀ ಗಂಡಸೊಬ್ಬ ಕಾವಡಿ ಹೊತ್ತು, ಬೆನ್ನು ಬಾಗಿಸದೆ ನಡೆಯುತ್ತಿದ್ದ. ಗುಡಿಯಲ್ಲಿ ಮುರುಗನ ಆಯುಧವಾದ ವೇಲಿನ ಮೇಲೆ ಹಾಲು ಸುರಿದದ್ದು ಎರಡೇ ಕ್ಷಣ. ಹಿಂದಿನ ಸಾಲಿಗೆ ಜಾಗ ಬಿಡಬೇಕಿತ್ತು.

ಸಂಜೆ ಅವರು ಕೊಡ ತೊಳೆದು ಬೋರಲು ಹಾಕಿ, ಕಾಲ್ಬೆರಳಿಗೆ ಪಟ್ಟಿ ಸುತ್ತಿಕೊಂಡು ರಾತ್ರಿ ಪಾಳಿಗೆ ಹೊರಟರು.

ಮುಂದಿನ ವಾರ ಊರಿಗೆ ಬರುತ್ತೇನೆ. ಅಟ್ಟದ ಮೇಲಿನ ತಾಮ್ರದ ಹಂಡೆ ಮಾರುವ ಮಾತಾಡಿದ್ದೆಯಲ್ಲ, ನಾನು ಬರುವವರೆಗೆ ಕೊಡಬೇಡ.

ನಿನ್ನ ತಂಗಿ